ಧನ್ಯವಾದ ಪತ್ರದಲ್ಲಿ ಹೆಸರಿರಲಿ, ಹೊತ್ತೂ ಇರಲಿ

"ಎಲ್ಲಾ ಸಿಬ್ಬಂದಿ ತುಂಬಾ ಚೆನ್ನಾಗಿ ನೋಡಿಕೊಂಡರು." ಡಿಸ್ಚಾರ್ಜ್ ಆಗಿ ಹೋಗುವವರು ಬರೆದಿಡುವ ಧನ್ಯವಾದ ಪತ್ರಗಳಲ್ಲಿ ಹೆಚ್ಚಿನವು ಈ ಸಾಲಿಗೇ ಮುಗಿಯುತ್ತವೆ. ಮನಸ್ಸು ತುಂಬಿ ಬರೆದದ್ದೇ, ಸಂಶಯವಿಲ್ಲ. ಆದರೆ ಅದು ಯಾರ ಕೈಗೂ ಸೇರುವುದಿಲ್ಲ. ವಾರ್ಡಿನಲ್ಲಿ ದಿನಕ್ಕೆ ಎರಡೋ ಮೂರೋ ಪಾಳಿ. ಒಂದೊಂದು ಪಾಳಿಯಲ್ಲೂ ನರ್ಸುಗಳು ಬೇರೆ, ಅಟೆಂಡರುಗಳು ಬೇರೆ, ಸ್ವಚ್ಛತೆಯವರು ಬೇರೆ. "ಎಲ್ಲರಿಗೂ" ಎಂದು ಬರೆದ ಪತ್ರ ಸೂಚನಾ ಫಲಕಕ್ಕೆ ಹೋಗುತ್ತದೆ. ರಾತ್ರಿ ಎರಡು ಗಂಟೆಗೆ ಒದ್ದೆ ಹೊದಿಕೆ ಬದಲಿಸಿದವರು ಅದನ್ನು ಓದಿದರೂ ತಮಗೇ ಬರೆದದ್ದು ಅಂದುಕೊಳ್ಳುವುದಿಲ್ಲ.

ರೋಗಿಗಳು ವರ್ಷಗಳ ನಂತರವೂ ನೆನೆಯುವುದು ಏನನ್ನು? ಸೂಜಿ ಚುಚ್ಚುವ ಮೊದಲು "ಈಗ ಸ್ವಲ್ಪ ಚುರುಕ್ ಅನ್ನುತ್ತೆ" ಎಂದು ಹೇಳಿದ್ದನ್ನು. ಬೆಡ್‌ಪ್ಯಾನ್ ಕೊಡುವಾಗ ಪರದೆಯನ್ನು ಪೂರ್ತಿ ಎಳೆದದ್ದನ್ನು. ಕರೆಗಂಟೆಯನ್ನು ಡ್ರಿಪ್ ಹಾಕದ ಕೈಯ ಕಡೆಗೆ ಇಟ್ಟು ಹೋದದ್ದನ್ನು. ಸ್ಕ್ಯಾನ್ ತಡವಾದಾಗ ಒಬ್ಬರು ಬಂದು "ನಿಮ್ಮನ್ನು ಮರೆತಿಲ್ಲ, ಇನ್ನೂ ಒಂದು ಗಂಟೆ ಆಗಬಹುದು" ಅಂದದ್ದನ್ನು. ಇವು ಬರೀ ಒಳ್ಳೆಯ ನಡತೆಯಲ್ಲ, ಚಿಕಿತ್ಸೆಯದೇ ಭಾಗ. 1964ರಲ್ಲಿ ಲಾರೆನ್ಸ್ ಎಗ್ಬರ್ಟ್ ಮತ್ತು ಸಂಗಡಿಗರು ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದವರ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಅರಿವಳಿಕೆ ವೈದ್ಯರು ಹಿಂದಿನ ರಾತ್ರಿಯೇ ಹೋಗಿ, ನೋವು ಎಲ್ಲಿ ಬರುತ್ತದೆ, ಯಾಕೆ ಬರುತ್ತದೆ, ಸ್ನಾಯು ಸಡಿಲಿಸಿ ಹೇಗೆ ಮಗ್ಗುಲಾಗಬೇಕು ಎಂದು ತಿಳಿಸಿ ಧೈರ್ಯ ಹೇಳಿದ ರೋಗಿಗಳಿಗೆ ಆಪರೇಷನ್ ಆದ ಮೇಲೆ ಉಳಿದವರಿಗಿಂತ ಸುಮಾರು ಅರ್ಧದಷ್ಟು ನೋವುನಿವಾರಕವೇ ಸಾಕಾಯಿತು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನಡೆದು 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವಂತೂ ನನಗೆ ಬಹಳ ಇಷ್ಟ. ವೈದ್ಯರು ನಿಂತು ಮಾತಾಡಿದ್ದಕ್ಕಿಂತ ಹಾಸಿಗೆಯ ಪಕ್ಕ ಕುಳಿತು ಮಾತಾಡಿದಾಗ ರೋಗಿಗಳಿಗೆ ಅವರು ಹೆಚ್ಚು ಹೊತ್ತು ಇದ್ದಂತೆ ಅನಿಸಿತ್ತು. ನಿಜವಾಗಿ ಕಳೆದ ಸಮಯ ಹೆಚ್ಚೇನೂ ಇರಲಿಲ್ಲ.

ಇಂಥ ಕೆಲಸಗಳು ಕೇಸ್ ಶೀಟಿನಲ್ಲಿ ದಾಖಲಾಗುವುದಿಲ್ಲ. ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ ಎಂಬುದೆಲ್ಲ ಬರೆದಿರುತ್ತದೆ. ಮಾತ್ರೆ ನುಂಗಲಾಗದೆ ಒದ್ದಾಡುತ್ತಿದ್ದ ಅಜ್ಜನ ಬೆನ್ನಿಗೆ ಕೈ ಕೊಟ್ಟು ಕೂರಿಸಿದ್ದು ಎಲ್ಲೂ ಇರುವುದಿಲ್ಲ. ಅದನ್ನು ಕಂಡವರು ನೀವೊಬ್ಬರೇ. ಆದ್ದರಿಂದ ನಿಮ್ಮ ಪತ್ರವೇ ಅದರ ದಾಖಲೆ.

ಹೆಸರು ಕೇಳಿಕೊಳ್ಳಲು ಸಂಕೋಚ ಬೇಡ. ಕೇಟ್ ಗ್ರೇಂಜರ್ ಎಂಬ ಬ್ರಿಟಿಷ್ ವೈದ್ಯೆ ಸ್ವತಃ ಕ್ಯಾನ್ಸರ್ ರೋಗಿಯಾಗಿ 2013ರಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ತನ್ನನ್ನು ನೋಡಲು ಬಂದ ಎಷ್ಟೋ ಮಂದಿ ಹೆಸರೇ ಹೇಳುವುದಿಲ್ಲ ಎಂಬುದನ್ನು ಗಮನಿಸಿದರು. "ಹಲೋ, ನನ್ನ ಹೆಸರು..." ಎಂಬ ಅಭಿಯಾನ ಹುಟ್ಟಿದ್ದು ಹಾಗೆ. ಅವರು 2016ರಲ್ಲಿ ತೀರಿಕೊಂಡರು, ಅಭಿಯಾನ ಉಳಿದಿದೆ. ಬ್ಯಾಡ್ಜ್ ತಿರುಗಿಕೊಂಡಿದ್ದರೆ "ನಿಮ್ಮ ಹೆಸರೇನು ಸಿಸ್ಟರ್?" ಎಂದು ಕೇಳಿ, ಫೋನಿನಲ್ಲಿ ದಿನಾಂಕದ ಜೊತೆ ಬರೆದಿಟ್ಟುಕೊಳ್ಳಿ. ಮನೆಗೆ ಹೋದ ಮೇಲೆ ನೆನಪಿಸಿಕೊಳ್ಳೋಣ ಅಂದರೆ ಆಗದು. ಜ್ವರ, ನಿದ್ದೆಗೇಡು, ನೋವಿನ ಔಷಧಿ ಮೂರೂ ಸೇರಿ ದಿನಗಳನ್ನು ಕಲಸಿಬಿಡುತ್ತವೆ. ಹೆಸರು ಸಿಗದಿದ್ದರೂ ವಾರ್ಡ್, ಬೆಡ್ ನಂಬರ್, ದಿನಾಂಕ, ಹೊತ್ತು ಇಷ್ಟಿದ್ದರೆ ಸಾಕು. ಆ ರಾತ್ರಿ ಡ್ಯೂಟಿಯಲ್ಲಿ ಯಾರಿದ್ದರು ಎಂದು ರೋಸ್ಟರ್ ಹೇಳುತ್ತದೆ. "ಕಪ್ಪಗೆ, ದಪ್ಪಗೆ ಇದ್ದವರು" ಎಂಬ ಗುರುತು ಮಾತ್ರ ಬೇಡ. ಪತ್ರವನ್ನು ಎಲ್ಲರೆದುರು ಓದಿದಾಗ ಅದು ಮುಜುಗರವಷ್ಟೇ.

ಉದ್ದ ಬರೆಯಬೇಕಿಲ್ಲ. ರೋಗಿ ಆಗ ಯಾವ ಸ್ಥಿತಿಯಲ್ಲಿದ್ದರು, ಸಿಬ್ಬಂದಿ ಏನು ಮಾಡಿದರು, ಅದರಿಂದ ಏನು ಬದಲಾಯಿತು, ಇಷ್ಟೇ. "ಆಪರೇಷನ್ ಆದ ಎರಡನೇ ರಾತ್ರಿ ಕೆಮ್ಮಿದರೆ ಹೊಲಿಗೆ ಬಿಡುತ್ತದೆಂದು ಹೆದರಿ ಕೆಮ್ಮೇ ತಡೆಯುತ್ತಿದ್ದೆ. ಸಿಸ್ಟರ್ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮುವುದನ್ನು ಕಲಿಸಿದರು. ಬೆಳಗ್ಗೆ ಹೊತ್ತಿಗೆ ಕಫ ಸಡಿಲವಾಗಿ ಉಸಿರು ಹಗುರಾಯಿತು." ಇಂಥ ಪತ್ರವನ್ನು ಪಾಳಿ ಬದಲಾಗುವಾಗ ಓದಿದರೆ ಹೊಸದಾಗಿ ಸೇರಿದವರಿಗೂ ಒಂದು ಪಾಠ ಸಿಗುತ್ತದೆ. ಬ್ರಿಟನ್ನಿನಲ್ಲಿ ನರ್ಸುಗಳು ಮೂರು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವಾಗ ತಮ್ಮ ಕೆಲಸದ ಬಗ್ಗೆ ಬಂದ ಐದು ಅಭಿಪ್ರಾಯಗಳನ್ನು ತೋರಿಸಬೇಕು. ರೋಗಿಯ ಪತ್ರವೂ ಅದಕ್ಕೆ ಸಲ್ಲುತ್ತದೆ.

ಪತ್ರವನ್ನು ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಬರೆದು, ಪ್ರತಿಯನ್ನು ವಾರ್ಡ್ ಇನ್‌ಚಾರ್ಜ್‌ಗೆ ಕೊಡಿ. ಸಂಬಂಧಪಟ್ಟವರ ಸೇವಾ ಕಡತಕ್ಕೆ ಸೇರಿಸಿ ಎಂದು ಬಾಯಿಬಿಟ್ಟು ಕೇಳಿ. ಸ್ವಚ್ಛತೆಯವರು, ಸೆಕ್ಯುರಿಟಿಯವರು, ಕೆಲವೆಡೆ ಅಟೆಂಡರುಗಳು ಕೂಡ ಗುತ್ತಿಗೆಯವರಾಗಿದ್ದರೆ ಅವರ ಕಡತ ಆಸ್ಪತ್ರೆಯಲ್ಲಿ ಇರುವುದೇ ಇಲ್ಲ. ಗುತ್ತಿಗೆ ಸಂಸ್ಥೆಯ ಮೇಲ್ವಿಚಾರಕರಿಗೂ ಒಂದು ಪ್ರತಿ ಹೋಗಬೇಕು. ನನ್ನ ಪ್ರಕಾರ ಬಿಟ್ಟುಹೋಗಲೇಬಾರದ ಪ್ರತಿ ಇದು. ಕೆಲಸ ಮುಂದುವರಿಯುತ್ತದೋ ಇಲ್ಲವೋ ಎಂಬ ಭಯದಲ್ಲಿರುವವರಿಗೆ ಹೆಸರಿರುವ ಒಂದು ಹಾಳೆ ದೊಡ್ಡ ಆಸರೆ.

ದೂರು ಇದ್ದರೆ ಬೇರೆ ಹಾಳೆಯಲ್ಲಿ ಬರೆಯಿರಿ. ಎರಡನ್ನೂ ಬೆರೆಸಿದರೆ ಪತ್ರ ದೂರಿನ ವಿಭಾಗಕ್ಕೆ ಹೋಗಿ, ಮೆಚ್ಚುಗೆ ಅಲ್ಲೇ ಮುಳುಗುತ್ತದೆ. ಹಾಗೆಂದು ಕೃತಜ್ಞತೆಯ ದಾಕ್ಷಿಣ್ಯಕ್ಕೆ ನೋವನ್ನು ನುಂಗಿಕೊಳ್ಳಬೇಡಿ. "ಪಾಪ, ಇಷ್ಟು ಮಾಡುತ್ತಾರೆ, ಹೇಗೆ ಹೇಳೋದು" ಎಂದು ಸುಮ್ಮನಿದ್ದರೆ ಡ್ರಿಪ್ ಹಾಕಿದ ಜಾಗ ಊದಿಕೊಳ್ಳುವುದು ತಡವಾಗಿ ಗೊತ್ತಾಗುತ್ತದೆ.

ಹಣ, ಬೆಲೆಬಾಳುವ ಉಡುಗೊರೆ ಬೇಡ. ಅನೇಕ ಆಸ್ಪತ್ರೆಗಳ ನಿಯಮದಲ್ಲಿ ತೆಗೆದುಕೊಂಡವರೇ ತಪ್ಪಿತಸ್ಥರಾಗುತ್ತಾರೆ. ಹೂಗಳನ್ನು ಐಸಿಯುವಿನಲ್ಲಿ, ರೋಗನಿರೋಧಕ ಶಕ್ತಿ ಕುಗ್ಗಿದವರ ವಾರ್ಡಿನಲ್ಲಿ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಫೋಟೋ ತೆಗೆಯುವುದಾದರೆ ಸಿಬ್ಬಂದಿಯ ಒಪ್ಪಿಗೆ ಕೇಳಿ, ಹಿಂದೆ ಬೇರೆ ರೋಗಿಯೋ ಹೆಸರಿನ ಬೋರ್ಡೋ ಕಾಣುತ್ತಿಲ್ಲ ತಾನೆ ನೋಡಿಕೊಳ್ಳಿ.

ರೋಗಿ ಉಳಿಯದೇ ಹೋದ ಮನೆಯವರು ಬರೆಯಲು ಹಿಂಜರಿಯುತ್ತಾರೆ. ಅವರ ಪತ್ರಕ್ಕಿರುವ ತೂಕ ಬೇರೆ ಯಾವುದಕ್ಕೂ ಇಲ್ಲ ಎಂದು ನಾನು ನಂಬುತ್ತೇನೆ. ಸಾವಾದಾಗ ಆರೈಕೆ ಮಾಡಿದವರ ಮನಸ್ಸಿನಲ್ಲಿ ಉಳಿಯುವುದು ಏನು ತಪ್ಪಿಹೋಯಿತು ಎಂಬ ಪ್ರಶ್ನೆ. ಒಣಗಿದ ತುಟಿಯನ್ನು ಆಗಾಗ ಒದ್ದೆ ಮಾಡಿದ್ದು, ಪ್ರಜ್ಞೆ ಇಲ್ಲದಿದ್ದರೂ ಹೆಸರು ಹಿಡಿದು "ಈಗ ಮಗ್ಗುಲು ಬದಲಿಸ್ತೀವಿ" ಎಂದು ಹೇಳುತ್ತಿದ್ದದ್ದು, ಕೊನೆಯ ಹೊತ್ತಿನಲ್ಲಿ ಮನೆಯವರಿಗೆ ಹಾಸಿಗೆಯ ಪಕ್ಕ ಕೂರಲು ಜಾಗ ಮಾಡಿಕೊಟ್ಟದ್ದು: ಇವನ್ನು ಕಂಡಿದ್ದು ಮನೆಯವರು, ಹೇಳಬಲ್ಲವರೂ ಅವರೇ. ಇದಕ್ಕೆ ಗಡುವಿಲ್ಲ. ಆರು ತಿಂಗಳಾದರೂ, ವರ್ಷವಾದರೂ ಬರೆಯಬಹುದು. ಅಷ್ಟು ಹೊತ್ತಿಗೆ ಆ ನರ್ಸ್ ಬೇರೆ ವಾರ್ಡಿಗೆ ಹೋಗಿರಬಹುದು. ರೋಗಿಯ ಆಸ್ಪತ್ರೆ ನಂಬರ್, ದಾಖಲಾದ ದಿನಾಂಕ ಹಾಕಿ, ಅವರು ಈಗ ಎಲ್ಲಿದ್ದರೂ ತಲುಪಿಸಿ ಎಂದು ಲಕೋಟೆಯ ಮೇಲೆಯೇ ಬರೆಯಿರಿ.