ಕೇಜಿಗೆ ಕೈ ಹಾಕುವ ಮೊದಲು: ಸೈನಿಕ ಪಶುವೈದ್ಯ ಕೇಂದ್ರದ ಪ್ರಾಣಿಗೃಹದಲ್ಲಿ ಕಲಿತದ್ದು

ಸೈನ್ಯದ ಪಶುವೈದ್ಯ ಕೇಂದ್ರ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕುದುರೆಗಳು, ಹೇಸರಗತ್ತೆಗಳು ಮತ್ತು ತರಬೇತಿ ಪಡೆದ ನಾಯಿಗಳು. ನಾನು ಕೆಲಸ ಮಾಡುವ ಕೇಂದ್ರದಲ್ಲಿ ಅವುಗಳ ಜೊತೆಗೆ ಲಸಿಕೆ, ಸೀರಂ ಮತ್ತು ಚುಚ್ಚುಮದ್ದಿನ ದ್ರಾವಣಗಳನ್ನು ಪರೀಕ್ಷಿಸುವ ಪ್ರಯೋಗಾಲಯವೂ ಇದೆ. ಅದಕ್ಕೆ ಹೊಂದಿಕೊಂಡಂತೆ ಇಲಿ, ಗಿನಿಪಿಗ್ ಮತ್ತು ಮೊಲಗಳ ಪ್ರಾಣಿಗೃಹವಿದೆ. ನಾನು ಅಲ್ಲಿನ ಪಾಲಕ, ಸಮವಸ್ತ್ರವಿಲ್ಲದ ನಾಗರಿಕ ನೌಕರ. ಆಹಾರ ಹಾಕುವುದು, ನೀರಿನ ಬಾಟಲಿ ಬದಲಿಸುವುದು, ಹಾಸು ತೆಗೆದು ಕೇಜು ತೊಳೆಯುವುದು ಎಂದು ಕೆಲಸದ ಪಟ್ಟಿಯಲ್ಲಿ ಬರೆದಿದೆ. ಇವೆಲ್ಲಕ್ಕಿಂತ ಮೊದಲು ಮಾಡಬೇಕಾದ ಒಂದು ಕೆಲಸವಿದೆ, ಅದು ಆ ಪಟ್ಟಿಯಲ್ಲಿಲ್ಲ: ಸುಮ್ಮನೆ ನಿಂತು ನೋಡುವುದು.

ಇಲಿ, ಮೊಲ, ಗಿನಿಪಿಗ್ ಇವೆಲ್ಲ ಬೇರೆ ಪ್ರಾಣಿಗಳಿಗೆ ಆಹಾರವಾಗುವ ಜಾತಿಗಳು. ನೋವಿದೆ ಎಂದು ತೋರಿಸಿಕೊಂಡ ಪ್ರಾಣಿ ಕಾಡಿನಲ್ಲಿ ಮೊದಲು ಬೇಟೆಯಾಗುತ್ತದೆ; ಆದ್ದರಿಂದ ಅವು ನೋವನ್ನು ಅಡಗಿಸಿಕೊಳ್ಳುತ್ತವೆ. ಕೋಣೆಗೆ ಮನುಷ್ಯ ಬಂದದ್ದು ತಿಳಿದೊಡನೆ ಮೂಲೆಯಲ್ಲಿ ಮುದುಡಿ ಕುಳಿತಿದ್ದ ಇಲಿಯೂ ಎದ್ದು ಓಡಾಡತೊಡಗುತ್ತದೆ. ಹಾಗಾಗಿ ಬಾಗಿಲು ತೆರೆದವರು ನೇರವಾಗಿ ಕೇಜು ಎಳೆದರೆ ಕಾಣಬೇಕಾದದ್ದು ಆಗಲೇ ಮರೆಯಾಗಿರುತ್ತದೆ. ಬಾಗಿಲ ಕಿರುಗಾಜಿನಿಂದ ಒಮ್ಮೆ, ಒಳಗೆ ಬಂದು ಗೋಡೆಯ ಪಕ್ಕ ಅಲುಗಾಡದೆ ಇನ್ನೊಮ್ಮೆ, ಆಮೇಲೆ ಕೇಜಿನ ಹತ್ತಿರ ಹೋಗಿ ಮತ್ತೊಮ್ಮೆ ನೋಡಬೇಕು. ಯಾವ ಇಲಿ ಗುಂಪಿನಿಂದ ದೂರವಿದೆ, ಯಾವುದರ ರೋಮ ನಿಗುರಿದೆ, ಯಾವುದರ ಕಣ್ಣು ಅರೆಮುಚ್ಚಿದೆ ಎಂಬುದು ಆಗ ಮಾತ್ರ ತಿಳಿಯುತ್ತದೆ. ಹೆಗ್ಗಣದ ಜಾತಿಯ ದೊಡ್ಡ ಇಲಿಗಳ ಕಣ್ಣು ಮತ್ತು ಮೂಗಿನ ಸುತ್ತ ಕೆಲವೊಮ್ಮೆ ಕೆಂಪು ಕಲೆ ಕಾಣಿಸುತ್ತದೆ. ಹೊಸಬರು ಅದನ್ನು ರಕ್ತವೆಂದು ಗಾಬರಿಯಾಗುತ್ತಾರೆ. ಅದು ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಪಾರ್ಫಿರಿನ್ ಎಂಬ ವರ್ಣದ್ರವ್ಯ. ಆರೋಗ್ಯವಾಗಿರುವ ಇಲಿ ಮುಖ ತೊಳೆದುಕೊಳ್ಳುವಾಗ ಅದನ್ನು ಒರೆಸಿಬಿಡುತ್ತದೆ. ಕಲೆ ಹಾಗೆಯೇ ಉಳಿದಿದ್ದರೆ ಆ ಇಲಿ ಒತ್ತಡದಲ್ಲಿರಬಹುದು ಅಥವಾ ಕಾಯಿಲೆ ಬಿದ್ದಿರಬಹುದು.

ಮೂಗನ್ನು ಮಾತ್ರ ನಂಬುವಂತಿಲ್ಲ. ಮೂತ್ರದಿಂದ ಏಳುವ ಅಮೋನಿಯಾ ಪ್ರಾಣಿಗಳ ಉಸಿರಾಟದ ದಾರಿಯನ್ನು ಕೆರಳಿಸುತ್ತದೆ, ಆದರೆ ಅದೇ ಕೋಣೆಯಲ್ಲಿ ಬಹಳ ಹೊತ್ತು ಇದ್ದವರ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ. ಆದ್ದರಿಂದ ಪಾಳಿ ಬದಲಾಗುವಾಗ ಹೊಸದಾಗಿ ಒಳಗೆ ಬಂದವರನ್ನು ಮೊದಲು ಅದನ್ನೇ ಕೇಳುತ್ತೇವೆ.

ನೋಡಿದ್ದನ್ನು ಬರೆಯುವುದು ಇನ್ನೊಂದು ವಿದ್ಯೆ. ‘ಮೊಲಕ್ಕೆ ಹುಷಾರಿಲ್ಲ’ ಎಂದು ಲಾಗ್ ಬುಕ್ಕಿನಲ್ಲಿ ಬರೆದರೆ ಪಶುವೈದ್ಯಾಧಿಕಾರಿಗೆ ಅದರಿಂದ ಏನೂ ಸಿಗುವುದಿಲ್ಲ. ಒಂದು ಉದಾಹರಣೆಯನ್ನೇ ಹೇಳುತ್ತೇನೆ. ನಮ್ಮಲ್ಲಿ ಮೊಲಗಳನ್ನು ಪೈರೋಜೆನ್ ಪರೀಕ್ಷೆಗೆ ಬಳಸುತ್ತಿದ್ದೆವು. ರಕ್ತನಾಳಕ್ಕೆ ಕೊಡುವ ದ್ರಾವಣದಲ್ಲಿ ಜ್ವರ ತರುವ ಅಂಶವಿದೆಯೇ ಎಂದು ತಿಳಿಯಲು 3 ಮೊಲಗಳ ಕಿವಿಯ ರಕ್ತನಾಳಕ್ಕೆ ದ್ರಾವಣವನ್ನು ಕೊಟ್ಟು, ಮುಂದಿನ 3 ಗಂಟೆಗಳವರೆಗೆ ಅವುಗಳ ದೇಹದ ಉಷ್ಣತೆಯನ್ನು ಗಮನಿಸುವ ಪರೀಕ್ಷೆ ಅದು. ಮೊದಲೇ 39.8 ಡಿಗ್ರಿ ಸೆಲ್ಸಿಯಸ್ ಮೀರಿದ ಉಷ್ಣತೆಯಿರುವ ಮೊಲವನ್ನು ಪರೀಕ್ಷೆಗೆ ತೆಗೆದುಕೊಳ್ಳುವಂತಿಲ್ಲ. ಒಂದು ಬೆಳಿಗ್ಗೆ ಪಟ್ಟಿಯಲ್ಲಿದ್ದ ಮೊಲವೊಂದರ ತಟ್ಟೆಯಲ್ಲಿ ಹಿಕ್ಕೆ ಕಡಿಮೆಯಿತ್ತು, ಇದ್ದವೂ ಸಣ್ಣದಾಗಿ ಒಣಗಿದ್ದವು. ಗಟ್ಟಿ ಉಂಡೆಯ ಆಹಾರ ಹಾಗೆಯೇ ಉಳಿದಿತ್ತು, ಒಣಹುಲ್ಲನ್ನು ಎಳೆದಾಡಿ ಬಿಟ್ಟಿತ್ತು, ಗದ್ದದ ಕೆಳಗಿನ ರೋಮ ಒದ್ದೆಯಾಗಿ ಅಂಟಿಕೊಂಡಿತ್ತು. ನಾನು ಇಷ್ಟನ್ನೇ, ಗಂಟೆಯ ಸಮೇತ, ಬರೆದೆ. ಕಾರಣ ಊಹಿಸಿ ಬರೆಯಲಿಲ್ಲ.

ಪರೀಕ್ಷೆಯ ಹೊಣೆ ಹೊತ್ತಿದ್ದವರು ಉಷ್ಣತೆ ಸರಿಯಾಗಿದೆ, ಪಟ್ಟಿಗೆ ಸಹಿ ಬಿದ್ದಿದೆ ಎಂದರು. ಅವರು ದರ್ಜೆಯಲ್ಲಿ ನನಗಿಂತ ಬಹಳ ಮೇಲಿನವರು. “ಸರ್, ಉಷ್ಣತೆ ಸರಿಯಿದೆ, ಆದರೆ ನಿನ್ನೆ ಸಂಜೆಯಿಂದ ಇದು ತಿಂದ ಲಕ್ಷಣವಿಲ್ಲ, ದಯವಿಟ್ಟು ಈ ಸಾಲನ್ನು ಓದಿ” ಎಂದು ಪುಸ್ತಕವನ್ನು ಮುಂದಿಟ್ಟೆ. ಓದಿದ ಮೇಲೆ ಅವರೇ ಪಶುವೈದ್ಯಾಧಿಕಾರಿಯನ್ನು ಕರೆಸಿದರು. ಮೊಲದ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ದವಡೆ ಹಲ್ಲು ಸಮವಾಗಿ ಸವೆಯದಿದ್ದರೆ ಅದರ ಅಂಚು ಮುಳ್ಳಿನಂತೆ ಚೂಪಾಗಿ ನಾಲಿಗೆಯನ್ನು ಕೊರೆಯುತ್ತದೆ. ಇದಕ್ಕೆ ಆಗಿದ್ದದ್ದೂ ಅದೇ. ಬಾಯಲ್ಲಿ ಹುಣ್ಣಿದ್ದ ಮೊಲಕ್ಕೆ ಪರೀಕ್ಷೆಯ ನಡುವೆ ಜ್ವರ ಏರಿದ್ದರೆ ಒಳ್ಳೆಯ ದ್ರಾವಣವೇ ಕೆಟ್ಟದ್ದೆಂದು ತೀರ್ಮಾನವಾಗುವ ಸಾಧ್ಯತೆಯಿತ್ತು, ಮೊಲದ ನೋವಂತೂ ಯಾರ ಗಣನೆಗೂ ಬರುತ್ತಿರಲಿಲ್ಲ. ಸೈನ್ಯದ ವ್ಯವಸ್ಥೆಯಲ್ಲಿ ಬಾಯಿಮಾತು ಬಹಳ ಮೇಲಕ್ಕೆ ಹೋಗುವುದಿಲ್ಲ, ಬರೆದ ಸಾಲು ಹೋಗುತ್ತದೆ. ಈ ಕಟ್ಟುನಿಟ್ಟನ್ನು ದೂರುವವರಿದ್ದಾರೆ. ನನಗೆ ಅದು ಪ್ರಾಣಿಯ ಪರವಾಗಿ ಬಳಸಬಹುದಾದ ಸಾಧನವಾಗಿಯೇ ಕಂಡಿದೆ.

ದರ್ಜೆಯ ಪ್ರಶ್ನೆ ಬಾಗಿಲಲ್ಲೂ ಏಳುತ್ತದೆ. ಆರೋಗ್ಯವಾಗಿರುವ ಮರಿಗಳ ಕೋಣೆಯಿಂದ ಆರಂಭಿಸಿ, ಕೊನೆಗೆ ಹೊಸದಾಗಿ ಬಂದು ಕ್ವಾರಂಟೈನಿನಲ್ಲಿರುವ ಪ್ರಾಣಿಗಳ ಕೋಣೆಗೆ ಹೋಗಬೇಕು. ಅಲ್ಲಿಂದ ಹಿಂದಕ್ಕೆ ಬರುವಂತಿಲ್ಲ. ಇಲಿಗಳ ಯಕೃತ್ತಿಗೆ ತಗಲುವ ವೈರಸ್ಸಿನಂತಹವು ಬಟ್ಟೆ, ಬೂಟು, ಕೈಗವಸುಗಳ ಮೂಲಕವೂ ಹರಡಬಲ್ಲವು, ಮತ್ತು ಹೊರಗೆ ಯಾವ ಲಕ್ಷಣವೂ ಕಾಣದಿದ್ದರೂ ಪರೀಕ್ಷೆಯ ಫಲಿತಾಂಶವನ್ನು ಕೆಡಿಸಬಲ್ಲವು. ಕುದುರೆಲಾಯದಿಂದ ನೇರವಾಗಿ ತಪಾಸಣೆಗೆ ಬಂದ ಹಿರಿಯ ಅಧಿಕಾರಿಯನ್ನು ಬಾಗಿಲಲ್ಲೇ ತಡೆದು, ಬೂಟು ಬದಲಿಸಿ ಗೌನು ಹಾಕಿಕೊಳ್ಳುವಂತೆ ವಿನಂತಿಸಬೇಕಾದವನು ಆ ಹೊತ್ತಿಗೆ ಅಲ್ಲಿರುವ ಪಾಲಕನೇ. ವಿನಯದಿಂದ, ಆದರೆ ಅಲುಗದೆ ಹೇಳಿದರೆ ಕೇಳದವರನ್ನು ನಾನು ಕಂಡಿಲ್ಲ.

ಗಿನಿಪಿಗ್‌ಗಳ ವಿಷಯದಲ್ಲಿ ಎಚ್ಚರ ಉಗ್ರಾಣದಲ್ಲಿಯೇ ಆರಂಭವಾಗಬೇಕು. ನಮ್ಮಂತೆಯೇ ಅವುಗಳ ದೇಹಕ್ಕೂ ವಿಟಮಿನ್ ಸಿ ತಯಾರಿಸಿಕೊಳ್ಳುವ ಶಕ್ತಿಯಿಲ್ಲ, ಮತ್ತು ಚೀಲದಲ್ಲಿರುವ ಆಹಾರದ ವಿಟಮಿನ್ ದಿನ ಕಳೆದಂತೆ ಕುಂದುತ್ತದೆ. ಚೀಲದ ಮೇಲಿನ ತಯಾರಿಕೆಯ ದಿನಾಂಕ ನೋಡದೆ ಆಹಾರ ಹಾಕಿದರೆ ಹೊಟ್ಟೆ ತುಂಬಿದ ಗಿನಿಪಿಗ್ ಕೂಡ ಕೀಲು ಊದಿ, ಮುಟ್ಟಿದರೆ ಕಿರುಚುವ ಸ್ಥಿತಿಗೆ ಬರುತ್ತದೆ. ಇಲಿ ಆಹಾರದ ಚೀಲ ಹೆಚ್ಚಾಗಿದೆಯೆಂದು ಅದನ್ನೇ ಇವುಗಳಿಗೆ ಹಾಕುವಂತೆ ಉಗ್ರಾಣದಿಂದ ಬರುವ ಸಲಹೆಯನ್ನು ಒಪ್ಪಲೇಬಾರದು.

ಈ ಪ್ರಾಣಿಗಳಲ್ಲಿ ಹೆಚ್ಚಿನವು ಪ್ರಯೋಗದ ಕೊನೆಗೆ ಸಾಯುತ್ತವೆ. ಇದನ್ನು ಮುಚ್ಚಿಟ್ಟು ಈ ಕೆಲಸದ ಬಗ್ಗೆ ಬರೆಯುವುದು ಸರಿಯಲ್ಲ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ವಿಜ್ಞಾನಿಗಳು ಮೂರು ತತ್ವಗಳನ್ನು ಮುಂದಿಟ್ಟರು: ಪ್ರಾಣಿಯ ಬದಲು ಬೇರೆ ವಿಧಾನ ಬಳಸುವುದು, ಬಳಸಲೇಬೇಕಾದರೆ ಸಂಖ್ಯೆ ಕಡಿಮೆ ಮಾಡುವುದು, ಬಳಸುವಾಗ ಯಾತನೆ ತಗ್ಗಿಸುವುದು. ಮೊದಲಿನ ಎರಡು ವಿಜ್ಞಾನಿಗಳ ಮತ್ತು ಅಧಿಕಾರಿಗಳ ಕೈಯಲ್ಲಿವೆ. ಹಾರ್ಸ್‌ಶೂ ಏಡಿ ಎಂಬ ಕಡಲಜೀವಿಯ ರಕ್ತಕಣಗಳಿಂದ ಮಾಡುವ ಪರೀಕ್ಷೆ ಬಂದ ಮೇಲೆ ನಮ್ಮ ಮೊಲಗಳ ಸರದಿ ಬಹಳ ಕಡಿಮೆಯಾಯಿತು, ನಾನು ಅದಕ್ಕೆ ಮನಸಾರೆ ಸಂತೋಷಪಟ್ಟೆ. ಮೂರನೆಯದರಲ್ಲಿ ದೊಡ್ಡ ಪಾಲು ಪಾಲಕರದ್ದು. ನೋವು ಯಾವ ಮಟ್ಟ ತಲುಪಿದರೆ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿ ಪ್ರಾಣಿಗೆ ಮುಕ್ತಿ ಕೊಡಬೇಕೆಂದು ಮೊದಲೇ ಬರೆದಿಟ್ಟಿರುತ್ತಾರೆ. ಆ ಮಟ್ಟ ಬಂದಿದೆಯೆಂದು ಮೊದಲು ಕಾಣುವುದು ನಸುಕಿನಲ್ಲಿ ದೀಪ ಹತ್ತುವಾಗ ಅಲ್ಲಿರುವವನಿಗೆ. ‘ಬೆಳಿಗ್ಗೆ ಸಾಹೇಬರು ಬರಲಿ’ ಎಂದು ಕಾದ ಪ್ರತಿ ಗಂಟೆಯನ್ನೂ ಅನುಭವಿಸುವುದು ಆ ಪ್ರಾಣಿ. ಆದ್ದರಿಂದ ಕರ್ತವ್ಯದಲ್ಲಿರುವ ಪಶುವೈದ್ಯರಿಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡುವ ಅಧಿಕಾರ ಪಾಲಕನಿಗೆ ಲಿಖಿತವಾಗಿ ಇರಬೇಕೆಂದು ನಾನು ಕೇಳಿ ಪಡೆದೆ.

ಸಣ್ಣ ಇಲಿಗಳನ್ನು ಬಾಲ ಹಿಡಿದು ಎತ್ತುವುದು ಹಳೆಯ ರೂಢಿ. ಹಾಗೆ ಎತ್ತುವ ಬದಲು ಕೊಳವೆಯೊಳಗೆ ನುಗ್ಗಿಸಿ ಅಥವಾ ಬೊಗಸೆಯಲ್ಲಿ ಎತ್ತಿದರೆ ಅವುಗಳ ಅಂಜಿಕೆ ಗಣನೀಯವಾಗಿ ತಗ್ಗುತ್ತದೆ ಎಂದು 2010ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಕೊಳವೆಗಳಿಂದ ಕೆಲಸ ನಿಧಾನವಾಗುತ್ತದೆಂಬ ಆಕ್ಷೇಪ ನಮ್ಮಲ್ಲೂ ಬಂತು. ಕೆಲವು ಕೇಜುಗಳಲ್ಲಿ ಕೊಳವೆಯನ್ನು ಖಾಯಂ ಇಟ್ಟು ನೋಡಿದಾಗ ಇಲಿಗಳು ತಾವಾಗಿಯೇ ಅದರೊಳಗೆ ಹೋಗತೊಡಗಿದವು, ಓಡಿಸಿ ಹಿಡಿಯುವ ಶ್ರಮ ತಪ್ಪಿತು, ಕಚ್ಚಿಸಿಕೊಳ್ಳುವುದೂ ಅಪರೂಪವಾಯಿತು. ಈಗ ಇಲಿ ಕೋಣೆಯ ಪ್ರತಿ ಕೇಜಿನಲ್ಲೂ ಒಂದು ಕೊಳವೆಯಿದೆ, ಬಾಲ ಹಿಡಿದು ಎತ್ತಬಾರದೆಂಬ ಆದೇಶ ಬಾಗಿಲ ಮೇಲಿದೆ, ಅದಕ್ಕೆ ಕೇಂದ್ರದ ಮುಖ್ಯಸ್ಥರ ಸಹಿಯೂ ಇದೆ.