ಸ್ವಾನೆತಿಯ ಕಾವಲು ಗೋಪುರಗಳ ಊರಿಗೆ ಹೋಗುವವರಿಗೆ

ಜಾರ್ಜಿಯಾ ದೇಶದ ಬೆಟ್ಟಸೀಮೆ ಸ್ವಾನೆತಿಗೆ ಹೊರಟಿದ್ದೀರಾದರೆ ಮೊದಲು ಒಂದು ಮಾತು: ಅಲ್ಲಿನ ಮುಖ್ಯ ಪಟ್ಟಣ ಮೆಸ್ತಿಯಾದಿಂದ ಬೆಳಿಗ್ಗೆ ಹೋಗಿ ಸಂಜೆಯೊಳಗೆ ಗೋಪುರಗಳ ಊರು ಉಶ್ಗುಲಿ ನೋಡಿ ಬರುವ ಯೋಜನೆ ಹಾಕಬೇಡಿ. ಸುಮಾರು 45 ಕಿಲೋಮೀಟರ್ ಬೆಟ್ಟದ ದಾರಿ. ಹಗಲು ಬರುವ ಜೀಪುಗಳು ಒಂದೆರಡು ಗಂಟೆ ನಿಂತು ಹೊರಟುಬಿಡುತ್ತವೆ. ನಾವು ಅಲ್ಲಿಯೇ ಒಂದು ಮನೆಯಲ್ಲಿ ಉಳಿದುಕೊಂಡೆವು. ಹಾಗಾಗಿಯೇ ಅಲ್ಲಿನ ಚಝಾಶಿ ಹಳ್ಳಿಯ ಓಣಿಗಳಲ್ಲಿ ನಿಂತು, ಗೋಡೆಗಳನ್ನು ಸಮಾಧಾನವಾಗಿ ನೋಡಲು ಸಾಧ್ಯವಾಯಿತು.

ಉಶ್ಗುಲಿ ಸುಮಾರು 2,100 ಮೀಟರ್ ಎತ್ತರದಲ್ಲಿರುವ ಪುಟ್ಟ ಹಳ್ಳಿಗಳ ಗುಂಪು. ಚಝಾಶಿ ಅವುಗಳಲ್ಲೊಂದು. ಇದಕ್ಕೆ 1996ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ಸಿಕ್ಕಿತು. ಗೋಪುರಗಳನ್ನು ಕಟ್ಟಿಸಿದವರು ರಾಜರಲ್ಲ, ಮನೆತನಗಳು. ಹೊರಗಿನಿಂದ ದಾಳಿಯಾದಾಗ, ಕುಲಗಳ ನಡುವೆ ರಕ್ತದ ಸೇಡು ಹೊತ್ತಿಕೊಂಡಾಗ ಮನೆಮಂದಿಯೆಲ್ಲ ಒಳಗೆ ಸೇರುತ್ತಿದ್ದರು. ಬಾಗಿಲು ನೆಲದಿಂದ ಮೇಲಿರುತ್ತದೆ, ಹತ್ತಿದ ಮೇಲೆ ಏಣಿ ಎಳೆದುಕೊಂಡರೆ ಆಯಿತು. ಪಕ್ಕದಲ್ಲೇ ‘ಮಚುಬಿ’ ಎಂಬ ವಾಸದ ಮನೆ. ನಡುವೆ ಒಲೆ, ಸುತ್ತ ಮರದ ಕೆತ್ತನೆಯ ಗೂಡುಗಳಲ್ಲಿ ದನಕರು, ಜನ ಎಲ್ಲರಿಗೂ ಒಂದೇ ಸೂರು. ಮೆಸ್ತಿಯಾದಲ್ಲಿ ಇಂಥದೊಂದು ಮನೆಯನ್ನು ವಸ್ತುಸಂಗ್ರಹಾಲಯವಾಗಿ ಇಟ್ಟಿದ್ದಾರೆ, ಅದನ್ನು ಮೊದಲು ನೋಡಿಕೊಂಡು ಉಶ್ಗುಲಿಗೆ ಹೋದರೆ ಎಲ್ಲವೂ ಅರ್ಥವಾಗುತ್ತದೆ.

ಈ ಗೋಪುರಗಳ ದೊಡ್ಡ ಶತ್ರು ನೀರು. ಮಾಡು ಸೋರಿದರೆ ಹಿಮ ಕರಗಿದ ನೀರು ಕಲ್ಲಿನ ಸಂದಿಗೆ ಇಳಿಯುತ್ತದೆ, ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ವರ್ಷವರ್ಷವೂ ಗೋಡೆಯನ್ನು ಸಡಿಲಿಸುತ್ತದೆ. ಹಳೆಯ ಸುಣ್ಣದ ಗಾರೆಯ ಮೇಲೆ ಸಿಮೆಂಟು ಬಳಿದರೆ ತೇವ ಹೊರಬರಲಾಗದೆ ಇನ್ನೂ ಹಾಳು. ಇದನ್ನೆಲ್ಲ ಹೊತ್ತಿಗೆ ಸರಿಯಾಗಿ ಗಮನಿಸಲು ಪಕ್ಕದ ಮನೆಯಲ್ಲಿ ಜನ ಇರಬೇಕು. 1987ರ ಹಿಮಕುಸಿತಗಳ ನಂತರ ಎಷ್ಟೋ ಕುಟುಂಬಗಳು ಬಯಲು ಸೀಮೆಗೆ ಇಳಿದುಹೋದವು. ಆದ್ದರಿಂದ ಊರಿನವರ ಮನೆಯಲ್ಲೇ ಉಳಿಯಿರಿ, ಅಲ್ಲೇ ಊಟ ಮಾಡಿ, ಗೋಪುರ ಹತ್ತಿಸಿದವರಿಗೆ ಕೇಳಿದಷ್ಟು ಕೊಡಿ, ಚೌಕಾಸಿ ಬೇಡ. ಪಾಳುಬಿದ್ದ ಗೋಡೆಗಳ ಮೇಲೆ ಫೋಟೊಗಾಗಿ ಹತ್ತಲೇಬೇಡಿ. ಉಶ್ಗುಲಿಯ ಲಾಮಾರಿಯಾ ಚರ್ಚಿನೊಳಗೆ ಕ್ಯಾಮೆರಾ ತೆಗೆಯುವ ಮುನ್ನ ಕೇಳಿ, ಹೆಂಗಸರು ತಲೆಗೆ ಸೆರಗೋ ದುಪಟ್ಟಾವೋ ಹೊದ್ದುಕೊಳ್ಳಲಿ.

ಮಾಂಸ ತಿನ್ನದವರು ಕುಬ್ದರಿ ಎಂಬ ಮಾಂಸ ತುಂಬಿದ ರೊಟ್ಟಿಯನ್ನು ಬಿಟ್ಟು, ಆಲೂಗಡ್ಡೆ ಮತ್ತು ಚೀಸ್ ಕಲಸಿದ ತಶ್ಮಿಜಾಬಿ ಕೇಳಿ. ಹೊಟ್ಟೆ ತುಂಬುತ್ತದೆ.

ಇನ್ನೊಂದು ದಿನವನ್ನು 5,193 ಮೀಟರ್ ಎತ್ತರದ ಶ್ಖಾರಾ ಶಿಖರದ ಹಿಮನದಿಗೆ ಮೀಸಲಿಡಿ. ಎಂಗುರಿ ನದಿಯ ದಂಡೆಗುಂಟ ಸಾಗುವ ದಾರಿ, ಏರು ಹೆಚ್ಚಿಲ್ಲ. ಹಿಮನದಿಯ ಬಾಯಿಗೆ ತೀರಾ ಹತ್ತಿರ ಹೋಗಬೇಡಿ, ಬಿಸಿಲೇರಿದಂತೆ ಕಲ್ಲುಗಳು ಉರುಳುತ್ತವೆ. ಮೆಸ್ತಿಯಾದಿಂದ ನಡೆದೇ ಬರುವವರು ದಾರಿಯಲ್ಲಿ ಸಿಗುವ ಆದಿಶಿಯ ಹೊಳೆಯನ್ನು ಬೆಳಿಗ್ಗೆಯೇ ದಾಟಬೇಕು. ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿ ನೀರು ಏರುತ್ತದೆ. ಬೇಸಿಗೆಯಲ್ಲಿ ಊರಿನವರು ಕುದುರೆಯ ಮೇಲೆ ದಾಟಿಸುತ್ತಾರೆ, ಅದಕ್ಕೆಂದು ನಗದು ಕೈಯಲ್ಲಿರಲಿ. ಜುಲೈಯಿಂದ ಸೆಪ್ಟೆಂಬರ್ ನಡುಭಾಗದವರೆಗೆ ಒಳ್ಳೆಯ ಕಾಲ. ಚಳಿಗಾಲದಲ್ಲಿ ಉಶ್ಗುಲಿಯ ರಸ್ತೆ ಹಿಮದಿಂದ ಮುಚ್ಚಿಹೋಗುವುದುಂಟು.