‘ಇದಕ್ಕೆ ಮೊಟ್ಟೆ ಹಾಕಿದ್ದೀರಾ?’ ಅನ್ನುವವರಿಗೆ

ಹಾಕುತ್ತೇನೆ. ಹಾಕದೆಯೂ ಮಾಡುತ್ತೇನೆ. ನಿಮ್ಮ ತಟ್ಟೆಗೆ ಬಂದ ತುಂಡಿನಲ್ಲಿ ಇದೆಯೋ ಇಲ್ಲವೋ ಅನ್ನುವುದನ್ನು ಕೊಡುವ ಮೊದಲೇ ಹೇಳಿರುತ್ತೇನೆ. ಉತ್ತರ ಇಷ್ಟೇ. ಆತುರ ಇರುವವರು ಇಲ್ಲಿಗೇ ನಿಲ್ಲಿಸಬಹುದು.

ಮಿಕ್ಕವರು ಸ್ವಲ್ಪ ಕೂತುಕೊಳ್ಳಿ. ಮನೆಯಲ್ಲಿ ಕೇಕು, ಬನ್ನು, ಬೆಣ್ಣೆ ಬಿಸ್ಕತ್ತು ಮಾಡಿ ನೆಂಟರಿಗೆ, ಸ್ನೇಹಿತರಿಗೆ ಹಂಚುವ ಚಟ ಹತ್ತಿಸಿಕೊಂಡವರಿಗೆ ಬೆಂಗಳೂರಿನಲ್ಲಿ ಬೇರೆ ಪ್ರಶ್ನೆಯೇ ಬರುವುದಿಲ್ಲ. ಹೇಗಾಗಿದೆ ಅಂತ ನಾನೇ ಬಾಯಿಬಿಟ್ಟು ಕೇಳಬೇಕು. ಮೊಟ್ಟೆ ಇದೆಯಾ ಅಂತ ಮಾತ್ರ ಅವರು ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಕೇಳುತ್ತಾರೆ.

ಕೇಳುವುದು ತಪ್ಪು ಅನ್ನುತ್ತಿಲ್ಲ. ತಿನ್ನದವರು ಕೇಳಲೇಬೇಕು. ಮಗುವಿಗೆ ಅಲರ್ಜಿ ಇರುವ ತಾಯಿ ಅಂತೂ ಕೇಳಲೇಬೇಕು. ಆಕೆ ಕೇಳುವ ರೀತಿಯೂ ಚೆನ್ನಾಗಿರುತ್ತದೆ. “ಮೊಟ್ಟೆ, ಗೋಡಂಬಿ, ಹಾಲು, ಇದರಲ್ಲಿ ಏನೇನಿದೆ ಹೇಳಿ” ಅನ್ನುತ್ತಾಳೆ. ಹೇಳುತ್ತೇನೆ. ಮುಗೀತು. ನನ್ನ ಸಿಟ್ಟು ಉಳಿದವರ ವರಸೆಯ ಮೇಲೆ.

ಉಳಿದವರು ಮೊಟ್ಟೆ ಅನ್ನುವ ಮಾತನ್ನೇ ಎತ್ತುವುದಿಲ್ಲ. “ಅದೇನೂ ಇಲ್ಲ ತಾನೇ?” ಅಂತ ಹುಬ್ಬು ಹಾರಿಸುತ್ತಾರೆ. “ಪ್ಯೂರ್ ಅಲ್ವಾ?” ಅನ್ನುತ್ತಾರೆ. ಕೇಕೇನು ತುಪ್ಪವೇ? “ನಾವು ತಿನ್ನಬಹುದು ತಾನೇ?” ಅನ್ನುವವರದ್ದು ಇನ್ನೂ ಚೆಂದ. ನೀವು ಏನು ತಿನ್ನುತ್ತೀರಿ, ಏನು ಬಿಡುತ್ತೀರಿ ಅಂತ ನನಗೆ ಹೇಗೆ ಗೊತ್ತಾಗಬೇಕು? ನಿಮ್ಮ ಮುಖ ನೋಡಿ ತಿಳಿದುಕೊಳ್ಳಬೇಕು ಅಂತ ಲೆಕ್ಕ. ನಾನು “ಇಲ್ಲ, ಮೊಟ್ಟೆ ಹಾಕಿಲ್ಲ” ಅಂದರೂ ವಿಚಾರಣೆ ಮುಗಿಯುವುದಿಲ್ಲ. “ಹಾಗಲ್ಲ, ಮನೇಲಿ ಬೇರೆ ಟೈಮಲ್ಲಿ ಮಾಡ್ತೀರಾ?” ಆಮೇಲೆ, “ನೀವು ಯಾವ ಕಡೆಯವರು?” ಊರ ಹೆಸರು ಹೇಳಿದರೆ ಸಮಾಧಾನ ಇಲ್ಲ. “ಅಲ್ಲ, ಮೂಲ?” ಸುಮ್ನೆ ಕೇಳಿದ್ದಂತೆ. ಕೇಕಿನ ಬಗ್ಗೆ ಶುರುವಾದದ್ದು ಎರಡೇ ನಿಮಿಷಕ್ಕೆ ನನ್ನ ಜಾತಿಗೆ ಬಂದು ನಿಂತಿರುತ್ತದೆ.

ಈ ಊರಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದು ಹೊಸದಲ್ಲ. ಒಬ್ಬ ಓನರ್ ಅಡುಗೆಮನೆ ತೋರಿಸುವ ಮೊದಲೇ ಮೊಟ್ಟೆ ತಿನ್ನುತ್ತೀರಾ ಅಂತ ಕೇಳಿದ್ದರು. ಹೂಂ ಅಂದೆ. ತುಂಬಾ ಹೊತ್ತು ಯೋಚನೆ ಮಾಡಿ, “ಪರವಾಗಿಲ್ಲ, ಆದ್ರೆ ಸಿಪ್ಪೆ ನಮ್ಮ ಡಸ್ಟ್‌ಬಿನ್‌ಗೆ ಹಾಕ್ಬೇಡಿ” ಅಂದರು. ಆ ಮನೆ ಹಿಡಿಯಲಿಲ್ಲ. ಸಿಪ್ಪೆಗೆ ಬೇರೆ ಜಾಗ ಹುಡುಕುವುದಕ್ಕಿಂತ ನನಗೇ ಬೇರೆ ಜಾಗ ಹುಡುಕುವುದು ಸುಲಭ ಅನ್ನಿಸಿತು.

ಇನ್ನೊಂದು ಪಕ್ಷವೂ ಇದೆ. ಅವರು ಕೇಳುವುದೂ ಇದೇ ಪ್ರಶ್ನೆ, ಬೇಕಾದ ಉತ್ತರ ಮಾತ್ರ ಉಲ್ಟಾ. ಆಫೀಸಿನ ಹುಡುಗರಿಗೆ ಒಂದು ಡಬ್ಬಿ ಒಯ್ದರೆ, “ಎಗ್‌ಲೆಸ್ಸಾ? ಓ... ನಂಗೆ ಸ್ವಲ್ಪ ಸಾಕು.” ಇನ್ನೂ ಬಾಯಿಗೇ ಇಟ್ಟಿರುವುದಿಲ್ಲ! ಮೊಟ್ಟೆ ಇಲ್ಲದ್ದು ಕೇಕೇ ಅಲ್ಲವಂತೆ. ಇದನ್ನು ಹೇಳುವವರು ಸಂಜೆ ಕೆಳಗಿಳಿದು ಅಯ್ಯಂಗಾರ್ ಬೇಕರಿಯಲ್ಲಿ ಹನಿ ಕೇಕ್ ತಿನ್ನುತ್ತಾರೆ. ಹಾಸನದ ಕಡೆಯಿಂದ ಬಂದ ಅಯ್ಯಂಗಾರರು ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆಗೆದದ್ದು 1898ರಲ್ಲಿ. ಅಲ್ಲಿಂದ ಶುರುವಾಗಿ ಈ ಊರಿಗೆ ಮೊಟ್ಟೆ ಇಲ್ಲದ ಕೇಕು, ದಿಲ್‌ಪಸಂದ್, ಖಾರ ಬನ್ನು, ಬೆಣ್ಣೆ ಬಿಸ್ಕತ್ತು ಎಲ್ಲ ಅಭ್ಯಾಸವಾಗಿ ನೂರು ವರ್ಷದ ಮೇಲಾಯಿತು. ಈಗ ಅದೇ ಬೋರ್ಡಿನ ಎಷ್ಟೋ ಅಂಗಡಿಗಳ ಗಾಜಿನ ಪೆಟ್ಟಿಗೆಯಲ್ಲಿ ಎಗ್ ಪಫ್ಸ್ ಕೂತಿರುತ್ತದೆ. ಅಲ್ಲಿ ಗಲ್ಲಾ ಮೇಲೆ ಕೂತವರನ್ನು ನೀವು ಯಾವ ಕಡೆಯವರು ಅಂತ ಯಾರೂ ಕೇಳುವುದಿಲ್ಲ. ಅದೆಲ್ಲ ಪುಕ್ಕಟೆ ಕೊಡುವವರಿಗೆ ಮಾತ್ರ ಮೀಸಲು.

ಎರಡೂ ಪಕ್ಷ ಒಂದೇ ಕೋಣೆಯಲ್ಲಿ ಸೇರಿದ್ದು ಗೆಳತಿಯ ಮಗನ ಹುಟ್ಟುಹಬ್ಬದ ದಿನ. ಅವಳ ಅತ್ತೆ ಕಡೆಯವರು ಮೊಟ್ಟೆ ಮುಟ್ಟುವುದಿಲ್ಲ. ಗಂಡನ ಆಫೀಸಿನವರು, ಮಗನ ಸ್ನೇಹಿತರು ಎಲ್ಲ ತಿನ್ನುತ್ತಾರೆ. ಅವಳೇ ಹೇಳಿದಂತೆ ಎರಡು ಕೇಕು ಮಾಡಿದ್ದೆ. ಮೊಸರು ಹಾಕಿದ ಚಾಕೊಲೇಟ್ ಕೇಕು ಒಂದು, ಮೊಟ್ಟೆ ಹಾಕಿದ ವೆನಿಲ್ಲಾ ಕೇಕು ಇನ್ನೊಂದು. ಎರಡಕ್ಕೂ ಚೀಟಿ ಬರೆದು ಟೂತ್‌ಪಿಕ್‌ಗೆ ಸಿಕ್ಕಿಸಿದ್ದೆ. ಬೇರೆ ಬೇರೆ ಮೇಜಿನ ಮೇಲೆ ಇಟ್ಟಿದ್ದೆ. ಇದಕ್ಕಿಂತ ಜಾಸ್ತಿ ಏನು ಮಾಡುವುದು?

ಹಾಡಾಯಿತು, ಮೇಣದಬತ್ತಿ ಆರಿತು. ಅಷ್ಟರಲ್ಲಿ ಉತ್ಸಾಹದ ಮಾವನೊಬ್ಬರು ಚಾಕು ಕೈಗೆ ತಗೊಂಡರು. ವೆನಿಲ್ಲಾ ಕೇಕು ಕತ್ತರಿಸಿ ಮಕ್ಕಳಿಗೆ ಹಂಚಿದರು. ಅದೇ ಚಾಕು ಹಿಡಿದು ಆಚೆ ಮೇಜಿಗೆ ನಡೆದರು. ಚಾಕೊಲೇಟ್ ಕೇಕಿನ ಒಂದು ಕಡೆಯಿಂದ ಮೂರು ತುಂಡು ಕತ್ತರಿಸಿದ್ದರು, ಆಗ ಯಾರೋ “ಅಯ್ಯೋ, ಅದೇ ಚಾಕು!” ಅಂತ ಕೂಗಿಕೊಂಡರು.

ಆಮೇಲಿನ ಹತ್ತು ನಿಮಿಷ ಪೂರಾ ಪಂಚಾಯಿತಿ. ಟಿಶ್ಯೂನಲ್ಲಿ ಒರೆಸಿದರೆ ಆಯ್ತಲ್ಲ ಅಂದವರೊಬ್ಬರು. ಈಗ ಚಾಕು ತೊಳೆದು ಏನು ಬಂತು, ತಾಗಿದ್ದು ತಾಗಿತು ಅಂದವರೊಬ್ಬರು. ಹುಣಸೆಹಣ್ಣು ಹಾಕಿ ತಿಕ್ಕಬೇಕಂತೆ. ಆಫೀಸಿನವರ ಗುಂಪಿನಿಂದ ಕಿಸಕ್ಕನೆ ನಗು. ಗೆಳತಿ ಕೆಂಪಗಾಗಿದ್ದಳು. ಮಾವ ಚಾಕುವನ್ನು ದೂರ ಹಿಡಿದುಕೊಂಡು, “ನಂಗೇನ್ರೀ ಗೊತ್ತು, ಎರಡೂ ಕೇಕೇ ಅಲ್ವಾ” ಅನ್ನುತ್ತಿದ್ದರು. ಚೀಟಿ ಬರೆದವಳು ನಾನು, ಎಲ್ಲರೂ ನೋಡುತ್ತಿದ್ದದ್ದೂ ನನ್ನನ್ನೇ.

ಆಗ ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ, ಅತ್ತೆಯ ಅಮ್ಮ, ಎದ್ದು ಬಂದರು. ಆ ಕೋಣೆಯಲ್ಲಿ ಅವರಷ್ಟು ಮಡಿಯವರು ಬೇರೆ ಇರಲಿಲ್ಲ. ಹೊರಗೆ ನೀರು ಕುಡಿಯಲೂ ಯೋಚಿಸುವವರು. ಕೇಕಿನ ಸುತ್ತ ಒಮ್ಮೆ ನೋಡಿದರು. “ಈ ಮೂಲೆಗೆ ಚಾಕು ಬಂದಿಲ್ಲ. ಕೈಯಲ್ಲೇ ಮುರಿದು ಕೊಡಮ್ಮ” ಅಂದರು. ಕೊಟ್ಟೆ. ತಿಂದರು. ನಿಧಾನವಾಗಿ ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡು ಕೇಳಿದರು: “ಮೊಸರಲ್ವಾ? ಎಷ್ಟು ಹುಳಿ ಇತ್ತು?”

ನೋಡಿ, ಇದು ಪ್ರಶ್ನೆ! ಇಷ್ಟು ವರ್ಷ ಹಿಟ್ಟು ಕಲಸುತ್ತಿರುವವಳನ್ನು ಕೇಳಬೇಕಾದ ಪ್ರಶ್ನೆ. (ಅದರ ಹಿಂದೆಯೇ “ಸೋಡ ಒಂದು ಚಿಟಿಕೆ ಜಾಸ್ತಿ” ಅಂದರು. ಆಗಿರಲಿಲ್ಲ. ಆದರೂ ಅವರ ಜೊತೆ ವಾದ ಮಾಡಲಿಲ್ಲ.)

ಹಾಗಾಗಿ ನೀವು ಕೇಳದಿದ್ದರೂ ಅದಕ್ಕೇ ಉತ್ತರ ಹೇಳುತ್ತೇನೆ.

ಒಂದು ಮೊಟ್ಟೆಯ ಒಳಗಿನದ್ದು ಸುಮಾರು 50 ಗ್ರಾಂ. ಅದರಲ್ಲಿ ಮುಕ್ಕಾಲು ಪಾಲು ನೀರು. ಉಳಿದದ್ದು ಪ್ರೋಟೀನು, ಕೊಬ್ಬು. ಬೀಟ್ ಮಾಡಿದಾಗ ಗಾಳಿ ಹಿಡಿದಿಡುವುದು ಆ ಪ್ರೋಟೀನೇ, ಓವನ್ನಿನ ಬಿಸಿಗೆ ಗಟ್ಟಿಯಾಗಿ ಉಬ್ಬಿದ ಕೇಕನ್ನು ಕುಸಿಯದ ಹಾಗೆ ನಿಲ್ಲಿಸುವುದೂ ಅದೇ. ಮೊಟ್ಟೆ ತೆಗೆದರೆ ನೀರು, ಉಬ್ಬು, ಹಿಡಿತ ಮೂರನ್ನೂ ಬೇರೆ ಎಲ್ಲಿಂದಲೋ ತರಬೇಕು. ಮೊಸರು ಒಂದರಿಂದಲೇ ಎರಡು ಕೆಲಸ ಆಗುತ್ತದೆ. ನೀರು ಕೊಡುತ್ತದೆ. ಅದರ ಹುಳಿ ಅಡುಗೆ ಸೋಡಕ್ಕೆ ಸೇರಿ ಗ್ಯಾಸ್ ಏಳುತ್ತದೆ. ಹಿಡಿತಕ್ಕೆ ಮೈದಾದ ಮೇಲೇ ಭಾರ ಬೀಳುತ್ತದೆ. ಅದಕ್ಕೇ ಎಗ್‌ಲೆಸ್ ಕೇಕು ಸ್ವಲ್ಪ ಪುಡಿಪುಡಿ ಆಗುವುದು. ಅಗಸೆ ಬೀಜದ ಪುಡಿ ಒಂದು ದೊಡ್ಡ ಚಮಚಕ್ಕೆ ಮೂರು ಚಮಚ ನೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಲೋಳೆಯಾಗುತ್ತದೆ, ಒಂದು ಮೊಟ್ಟೆಯ ಜಾಗದಲ್ಲಿ ಅದನ್ನು ಹಾಕಬಹುದು. ಆದರೆ ಬಿಳಿ ಕೇಕಿಗೆ ಬೇಡ, ಕಪ್ಪು ಚುಕ್ಕಿ ಕಾಣುತ್ತದೆ.

ನಾನು ಮಾಡುವುದು ಹೀಗೆ. ಒಂದು ಕಪ್ ಮೈದಾಕ್ಕೆ ಅರ್ಧ ಕಪ್ ಮೊಸರು, ಕಾಲು ಟೀ ಚಮಚ ಸೋಡ, ಅರ್ಧ ಟೀ ಚಮಚ ಬೇಕಿಂಗ್ ಪೌಡರ್. ಮೊಸರಿಗೆ ಮುಕ್ಕಾಲು ಕಪ್ ಸಕ್ಕರೆ ಹಾಕಿ ಕರಗುವವರೆಗೆ ತಿರುವಬೇಕು. ಆಮೇಲೆ ಸೋಡ, ಬೇಕಿಂಗ್ ಪೌಡರ್ ಹಾಕಿ ಐದು ನಿಮಿಷ ಬಿಡಿ. ಮೊಸರು ನೊರೆ ನೊರೆಯಾಗಿ ಪಾತ್ರೆಯಲ್ಲಿ ಮೇಲೆ ಬರುತ್ತದೆ. ಅದು ಬರಲಿಲ್ಲ ಅಂದರೆ ಮುಂದೆ ಹೋಗಬೇಡಿ, ಮೈದಾ ದಂಡ. ಬಂದರೆ ಅರ್ಧ ಕಪ್ ಎಣ್ಣೆ, ಒಂದು ಚಮಚ ವೆನಿಲ್ಲಾ, ಆಮೇಲೆ ಜರಡಿ ಹಿಡಿದ ಮೈದಾ. ಗಟ್ಟಿ ಅನ್ನಿಸಿದರೆ ಎರಡು ಚಮಚ ಹಾಲು. ಮೈದಾ ಬಿದ್ದ ಮೇಲೆ ಚಪಾತಿ ಹಿಟ್ಟಿನ ಹಾಗೆ ನಾದಬೇಡಿ, ಬೆರೆತರೆ ಸಾಕು. ಗ್ಯಾಸ್ ನಿಮ್ಮ ಫೋನ್ ಮುಗಿಯುವವರೆಗೆ ಕಾಯುವುದಿಲ್ಲ, ತಕ್ಷಣ 175 ಡಿಗ್ರಿಗೆ ಬಿಸಿಯಾದ ಓವನ್ನಿಗೆ ಹೋಗಬೇಕು. ಮೂವತ್ತು ಮೂವತ್ತೈದು ನಿಮಿಷ.

ಓವನ್ ಇಲ್ಲದವರು ಕುಕ್ಕರಿನಲ್ಲಿ ಮಾಡಬಹುದು. ಗ್ಯಾಸ್ಕೆಟ್, ವೆಯ್ಟ್ ತೆಗೆದು, ತಳಕ್ಕೆ ಉಪ್ಪೋ ಮರಳೋ ಹಾಕಿ, ಸಣ್ಣ ಉರಿ. ನಮ್ಮಮ್ಮ ಹಾಗೇ ಮಾಡುತ್ತಿದ್ದರು. ಮುಚ್ಚಳದ ಮೇಲೆ ಗಾಜಿನ ಕಿಂಡಿ ಇರುವ ಅಲ್ಯೂಮಿನಿಯಂ ರೌಂಡ್ ಓವನ್ ಬಂದದ್ದು ಆಮೇಲೆ.

ಇನ್ನು ಅಜ್ಜಿ ಕೇಳಿದ್ದು. ಹುಳಿ ಎಷ್ಟು? ಮೂಗಿಗೆ ಬರಬಾರದು, ನಾಲಿಗೆಗೆ ಬರಬೇಕು. ಮಜ್ಜಿಗೆ ಹುಳಿಗೆ ತೆಗೆದಿಟ್ಟುಕೊಳ್ಳುತ್ತೇವಲ್ಲ, ಅದಕ್ಕಿಂತ ಒಂದು ಹಂತ ಕಡಿಮೆ. ಏಪ್ರಿಲ್‌ನಲ್ಲಿ ಬೆಳಿಗ್ಗೆಯ ಮೊಸರು ಮಧ್ಯಾಹ್ನಕ್ಕೇ ಆ ಹದಕ್ಕೆ ಬಂದಿರುತ್ತದೆ. ಡಿಸೆಂಬರ್‌ನಲ್ಲಿ ಒಲೆ ಪಕ್ಕ ಇಟ್ಟರೂ ಒಂದೂವರೆ ದಿನ ಬೇಕು. ಹುಳಿ ಸಾಲದಿದ್ದರೆ ಸೋಡದ ಜೊತೆ ಸೇರಲು ಏನೂ ಇರುವುದಿಲ್ಲ, ಉಳಿದ ಸೋಡ ಬಾಯಿಗೆ ಸೋಪಿನ ಹಾಗೆ ಹತ್ತುತ್ತದೆ. ಜನ ಇದನ್ನೇ “ಎಗ್‌ಲೆಸ್ ವಾಸನೆ” ಅನ್ನುವುದು. ಪಾಪ, ಮೊಟ್ಟೆ ಇಲ್ಲದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಎಲ್ಲವನ್ನೂ ಮೊಟ್ಟೆ ಇಲ್ಲದೆ ಮಾಡಿಕೊಡಿ ಅನ್ನಬೇಡಿ. ಕ್ರಿಸ್‌ಮಸ್‌ಗೆ ಮಾಡುವ ಪ್ಲಮ್ ಕೇಕಿಗೆ ನಾನು ಮೊಟ್ಟೆ ಹಾಕಿಯೇ ಹಾಕುತ್ತೇನೆ. ಅದನ್ನು ಕಲಿಸಿದ್ದು ಮಂಗಳೂರು ಕಡೆಯ ಪಕ್ಕದ ಮನೆಯವರು, ಅವರ ಲೆಕ್ಕದಲ್ಲಿ ಕೈ ಹಾಕುವ ಧೈರ್ಯ ನನಗಿಲ್ಲ. ಮೆರಿಂಗ್ (ಮೊಟ್ಟೆಯ ಬಿಳಿಗೆ ಸಕ್ಕರೆ ಹಾಕಿ ಬೀಟ್ ಮಾಡಿ ಮಾಡುವ ತಿಂಡಿ) ಎಗ್‌ಲೆಸ್ ಆಗಲ್ವಾ ಅಂತ ಒಬ್ಬರು ಬೆನ್ನು ಹತ್ತಿದ್ದರು. ಆಗುತ್ತೆ, ಕಾಬೂಲ್ ಕಡಲೆ ಬೇಯಿಸಿದ ಮಂದ ನೀರನ್ನು ಬೀಟ್ ಮಾಡಿದರೆ ಮೊಟ್ಟೆಯ ಬಿಳಿಯ ಹಾಗೇ ಉಬ್ಬುತ್ತೆ ಅಂದೆ. “ಕಡಲೆ ನೀರಾ? ಛೀ!” ಅಂದರು.

ಇನ್ನೊಂದು. ನಮ್ಮ ದೇಶದ ನಿಯಮದಲ್ಲಿ ಪೊಟ್ಟಣದ ತಿಂಡಿಗೆ ಮೊಟ್ಟೆ ಬಿದ್ದರೆ ಹಸಿರು ಚುಕ್ಕಿ ಹಾಕುವ ಹಾಗಿಲ್ಲ. ಮೂಸ್‌ನಂಥದ್ದು ಗಟ್ಟಿಯಾಗಲಿ ಅಂತ ಹಾಕುವ ಜೆಲಟಿನ್ ಬಿದ್ದರೂ ಅಷ್ಟೇ, ಅದು ಬರುವುದು ಪ್ರಾಣಿಗಳ ಮೂಳೆ, ಚರ್ಮದಿಂದ. ನನ್ನ ಮೊಸರು ಕೇಕನ್ನು ಮೂಸಿ ನೋಡುವವರು ಮಾಲ್‌ನಲ್ಲಿ ಮೂಸ್ ಕೇಕಿನ ಮುಂದೆ ನಿಂತಾಗ ಜೆಲಟಿನ್ ಇದೆಯಾ ಅಂತ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ನನ್ನ ಮನೆಯ ನಿಯಮ ಸರಳ. ಹಸಿರು ಮುಚ್ಚಳದ ಡಬ್ಬಿ ಇದ್ದರೆ ಮೊಟ್ಟೆ ಇಲ್ಲ, ಬೇರೆ ಯಾವ ಬಣ್ಣ ಇದ್ದರೂ ಇದೆ. ಎರಡೂ ಒಂದೇ ಓವನ್ನಿನಲ್ಲಿ ಬೆಂದದ್ದು, ಒಂದೇ ಸಿಂಕಿನಲ್ಲಿ ತೊಳೆದ ಪಾತ್ರೆ. ಅದು ಆಗದು ಅನ್ನುವವರು ದಯವಿಟ್ಟು ಮೊದಲೇ ಹೇಳಿ, ಬೇಜಾರಿಲ್ಲ, ಬಾಳೆಹಣ್ಣು ಕೊಡುತ್ತೇನೆ. ಡಬ್ಬಿ ವಾಪಸ್ ಕೊಡಿ. ಮೇಲಿನ ಅಳತೆಯಲ್ಲಿ ಮಾಡುವುದಾದರೆ ಮೊದಲು ಮೊಸರು ಬಾಯಿಗೆ ಹಾಕಿ ನೋಡಿ. ಪ್ಯಾಕೆಟ್ ಮೊಸರಾದರೆ ಸಪ್ಪೆ ಇರುತ್ತದೆ, ಒಂದು ಚಮಚ ನಿಂಬೆರಸ ಸೇರಿಸಿ. ಸೇರಿಸದೆ ಮಾಡಿ, ಉಬ್ಬಲಿಲ್ಲ ಅಂತ ರಾತ್ರಿ ಹತ್ತಕ್ಕೆ ನನಗೆ ಫೋನ್ ಮಾಡಬೇಡಿ.